ಅಂತರಜಾಲಕ್ಕೆ ಬೇಕಾದ ಮುಯ್ಯಾಳುಗಳು

ಗ್ರೇಟರ್ ನೋಯ್ಡಾದಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳ ವಾಟ್ಸ್‌ಆ್ಯಪ್ ಬಳಗದಲ್ಲಿ 2019ರ ರಾಜ್ಯೋತ್ಸವದ ಮರುದಿನ ಒಂದು ಪ್ರಸಂಗ ನಡೆಯಿತು. ಬಳಗದ ಮೇಲ್ವಿಚಾರಣೆ ಆಗ ನನ್ನ ಪಾಲಿಗೆ ಬಂದಿತ್ತು. ಇಲ್ಲಿಯೇ ಹುಟ್ಟಿ ಬೆಳೆದ ಹುಡುಗಿಯೊಬ್ಬಳು ಹಿಂದಿನ ಸಂಜೆಯ ಕಾರ್ಯಕ್ರಮವನ್ನು ಕುರಿತು ನಾಲ್ಕು ಒಳ್ಳೆಯ ಮಾತು ಬರೆದಿದ್ದಳು. ಭಾಷೆ ಕನ್ನಡ, ಲಿಪಿ ಮಾತ್ರ ರೋಮನ್. ಹಿರಿಯರೊಬ್ಬರು ಆಕ್ಷೇಪವೆತ್ತಿದರು, ನಾನೂ ದನಿಗೂಡಿಸಿದೆ. ಕನ್ನಡದ ಬಳಗದಲ್ಲಿ ಕನ್ನಡ ಲಿಪಿಯಲ್ಲದೆ ಬೇರೆ ಲಿಪಿಯಲ್ಲಿ ಬರೆಯಕೂಡದೆಂದು ನಿಯಮವೊಂದನ್ನು ರಚಿಸಿ, ರಾಜಮುದ್ರೆ ಒತ್ತಿದವನ ಗತ್ತಿನಲ್ಲಿ ಎಲ್ಲರಿಗೂ ಕಳುಹಿಸಿದೆ. ಆ ವಾರ ಹನ್ನೊಂದು ಮಂದಿ ಕಿರಿಯರು ಬಳಗವನ್ನು ತೊರೆದರು. ಯಾರೂ ವಾದಿಸಲಿಲ್ಲ. ನಮ್ಮ ಮಕ್ಕಳು ನಮ್ಮೊಡನೆ ವಾದಿಸುವುದನ್ನು ಬಿಟ್ಟು ಬಹಳ ಕಾಲವಾಗಿದೆ ಎಂಬುದನ್ನು ನಾನು ಆಗ ಗಮನಿಸಿರಲಿಲ್ಲ. ಕನ್ನಡ ಗೆದ್ದಿತೆಂದೇ ಭಾವಿಸಿದ್ದೆ. ಆ ಗೆಲುವು ಎಂಥದೆಂದು ತಿಳಿಯಲು ಸುಮಾರು ಹದಿನೆಂಟು ತಿಂಗಳು ಬೇಕಾಯಿತು.

ಈ ಊರಿನ ಸ್ವಭಾವವನ್ನು ಅರಿಯದವರಿಗಾಗಿ ಒಂದು ಮಾತು. ಗ್ರೇಟರ್ ನೋಯ್ಡಾ 1991ರಲ್ಲಿ ಸರಕಾರದ ಪ್ರಾಧಿಕಾರವೊಂದರ ರೂಪದಲ್ಲಿ ಹುಟ್ಟಿದ ಊರು. ಇಲ್ಲಿಯ ಹಳೆಯ ಬಡಾವಣೆಗಳಿಗೆ ಗ್ರೀಕ್ ಅಕ್ಷರಮಾಲೆಯ ಹೆಸರು: ಆಲ್ಫಾ, ಬೀಟಾ, ಗಾಮಾ, ಡೆಲ್ಟಾ. ಗ್ರೀಕರು ಯಾರೂ ಇಲ್ಲದ ಊರಿಗೆ ಗ್ರೀಕ್ ಹೆಸರನ್ನಿಟ್ಟ ಅಧಿಕಾರಿಯ ವಿನೋದಬುದ್ಧಿಯನ್ನು ಮೆಚ್ಚಲೇಬೇಕು. ರಾಮಕೃಷ್ಣಪುರದ ಸರಕಾರಿ ವಸತಿಗಳಲ್ಲಿದ್ದಾಗ ಮೂರು ಮಹಡಿ ಇಳಿದರೆ ಒಂದು ಕನ್ನಡ ಮನೆ ಸಿಗುತ್ತಿತ್ತು. ಇಲ್ಲಿ ಹಾಗಲ್ಲ. ಒಬ್ಬರು ಇಪ್ಪತ್ತನೆಯ ಅಂತಸ್ತಿನಲ್ಲಿ, ಇನ್ನೊಬ್ಬರು ಎಂಟು ಕಿಲೋಮೀಟರು ಆಚೆ, ಕಾಲೇಜೊಂದರ ವಸತಿಗೃಹದಲ್ಲಿ. ಚಳಿಗಾಲದ ಮಂಜು ಕವಿದ ಮೇಲಂತೂ ಯಾರೂ ಮನೆಯಿಂದ ಹೊರಬೀಳರು. 2019ರ ಜನವರಿಯಲ್ಲಿ ಆಕ್ವಾ ಮೆಟ್ರೋ ಬಂದ ಮೇಲೂ ದಿಲ್ಲಿಯ ಕನ್ನಡ ಸಭಾಂಗಣ ನಮಗೆ ಅರ್ಧ ದಿನದ ಪ್ರಯಾಣವೇ. ಹೀಗಾಗಿ ಕೈಯಲ್ಲಿರುವ ಫೋನೇ ನಮ್ಮ ಜಗಲಿ. ಆ ಜಗಲಿಯಲ್ಲಿ ನಾವು ಏನು ಮಾಡುತ್ತೇವೆ ಎಂಬುದು ಈ ಲೇಖನದ ವಿಷಯ.

ರೋಮನ್ ಲಿಪಿಯ ಈ ಕಲಹ ನಮ್ಮೊಬ್ಬರದೇ ಅಲ್ಲವೆಂದು ನನಗೆ ತಿಳಿದದ್ದು ದುಬೈಯಲ್ಲಿ ಉದ್ಯೋಗದಲ್ಲಿರುವ ನನ್ನ ತಂಗಿಯ ಮಗನಿಂದ. ಅವನ ಕಚೇರಿಯ ಅರಬ್ಬಿ ಯುವಕರು ಪರಸ್ಪರ ಕಳುಹಿಸುವ ಸಂದೇಶಗಳಲ್ಲಿ ರೋಮನ್ ಅಕ್ಷರಗಳ ನಡುವೆ ಅಂಕಿಗಳು ಇಣುಕುತ್ತವೆಯಂತೆ. ‘ಐನ್’ ಎಂಬ ಅಕ್ಷರಕ್ಕೆ 3, ಗಂಟಲಾಳದಿಂದ ಹೊರಡುವ ಒಂದು ಹಕಾರಕ್ಕೆ 7. ಆ ಅಂಕಿಗಳ ಆಕಾರ ಅರಬ್ಬಿ ಅಕ್ಷರಗಳನ್ನು ಹೋಲುತ್ತದೆಂಬುದೇ ಕಾರಣ. ಇದಕ್ಕೆ ‘ಅರಬೀಜೀ’ ಎಂದು ಹೆಸರು. ಗಣಕಕ್ಕೂ ಮೊಬೈಲಿಗೂ ಅರಬ್ಬಿ ಬಾರದಿದ್ದ ಕಾಲದಲ್ಲಿ ಅಗತ್ಯವಾಗಿ ಹುಟ್ಟಿದ ಈ ಬರಹ, ಅವಕ್ಕೆ ಅರಬ್ಬಿ ಬಂದ ಮೇಲೂ ಅಭ್ಯಾಸವಾಗಿ ಉಳಿಯಿತು. ಅಲ್ಲಿಯ ಹಿರಿಯರೂ ನನ್ನಂತೆಯೇ ಗದರುತ್ತಾರೆಂದು ಕೇಳಿ ನನಗೆ ಒಂದು ಬಗೆಯ ಸಮಾಧಾನವಾಯಿತು. ಮೂರ್ಖತನದಲ್ಲಿ ಜೊತೆಗಾರರಿದ್ದರೆ ಮನಸ್ಸಿಗೆ ಹಗುರ.

ಆದರೆ ಅರಬ್ಬರ ಕಥೆಯನ್ನು ಸ್ವಲ್ಪ ವಿಚಾರಿಸಿ ನೋಡಿದರೆ ನಮಗೆ ಪಾಠವಾಗುವ ಸಂಗತಿಗಳು ಅನೇಕವಿವೆ. ಗಣಕಕ್ಕೆ ಅರಬ್ಬಿಯನ್ನು ಕಲಿಸುವ ಕೆಲಸ ಅಲ್ಲಿ ಬಹು ಮೊದಲೇ ನಡೆಯಿತು. ಬಲದಿಂದ ಎಡಕ್ಕೆ ಓಡುವ, ಪದದಲ್ಲಿನ ಸ್ಥಾನವನ್ನನುಸರಿಸಿ ಆಕಾರವನ್ನು ಬದಲಿಸುವ ಆ ಲಿಪಿಯನ್ನು ಯಂತ್ರಕ್ಕೆ ಒಗ್ಗಿಸುವುದು ಸಣ್ಣ ಕೆಲಸವಲ್ಲ. ಕುವೈತಿನ ಮೊಹಮ್ಮದ್ ಅಲ್ ಶಾರಿಖ್ 1982ರಲ್ಲಿ ‘ಸಖ್ರ್’ ಸಂಸ್ಥೆಯನ್ನು ಸ್ಥಾಪಿಸಿ ಅದನ್ನು ಕೈಗೆತ್ತಿಕೊಂಡರು. 2010ರ ಮೇ ತಿಂಗಳಲ್ಲಿ ಈಜಿಪ್ಟ್, ಸೌದಿ ಅರೇಬಿಯಾ ಮತ್ತು ಸಂಯುಕ್ತ ಅರಬ್ ಸಂಸ್ಥಾನಗಳು ಜಾಲತಾಣದ ವಿಳಾಸದಲ್ಲಿ ದೇಶದ ಹೆಸರನ್ನೇ ಅರಬ್ಬಿ ಲಿಪಿಯಲ್ಲಿ ಬರೆಯುವ ಹಕ್ಕನ್ನು ಪಡೆದವು. ಯಂತ್ರವೂ ಬಂದಿತು, ಹಣಕ್ಕೂ ಕೊರತೆಯಿರಲಿಲ್ಲ. ಆದರೂ ಅಂತರಜಾಲದಲ್ಲಿ ಅರಬ್ಬಿಯ ಬರಹ ಆ ಜನಸಂಖ್ಯೆಗೆ ತಕ್ಕಷ್ಟು ಬೆಳೆಯಲಿಲ್ಲವೆಂಬ ಕೊರಗು ಅಲ್ಲಿ ಬಹುಕಾಲ ಕೇಳಿಬಂದಿತು.

ಇದಕ್ಕೆ ಸಂಸ್ಕೃತಿಯಲ್ಲಿಯೇ ಒಂದು ಕಾರಣವಿದೆ. ಅರಬ್ ಲೀಗಿನ 22 ಸದಸ್ಯ ರಾಷ್ಟ್ರಗಳಿಗೂ ಬರಹದ ಅರಬ್ಬಿ ಒಂದೇ. ಮನೆಯಲ್ಲಿ ಆಡುವ ಅರಬ್ಬಿ ಬೇರೆ ಬೇರೆ. ಗ್ರಾಂಥಿಕ ಭಾಷೆಯಲ್ಲಿ ಬರೆಯಹೊರಟವನಿಗೆ ವ್ಯಾಕರಣದೋಷದ ಅಂಜಿಕೆ. ಆಡುಮಾತಿನಲ್ಲಿ ಬರೆದವನಿಗೆ ಅಗೌರವದ ಅಂಜಿಕೆ. ಅರಬ್ಬಿ ವಿಕಿಪೀಡಿಯ 2003ರ ಜುಲೈಯಲ್ಲಿ ಗ್ರಾಂಥಿಕ ಭಾಷೆಯಲ್ಲಿ ಆರಂಭವಾಯಿತು. 2008ರಲ್ಲಿ ಈಜಿಪ್ಟಿನವರು ತಮ್ಮ ಆಡುಮಾತಿಗೇ ಪ್ರತ್ಯೇಕ ವಿಕಿಪೀಡಿಯವನ್ನು ಕಟ್ಟಿಕೊಂಡರು. ಇಂದು ಲೇಖನಗಳ ಎಣಿಕೆಯಲ್ಲಿ ಈಜಿಪ್ಟಿನದೇ ಹಿರಿದು; ಆದರೆ ಅದರಲ್ಲಿ ಬಹುಪಾಲು ಸ್ವಯಂಚಾಲಿತ ವಿಧಾನದಿಂದ ಸಾಲುಸಾಲಾಗಿ ಹೊರಬಂದ ತುಣುಕು ಬರಹಗಳು. ಎಣಿಕೆಗೆ ಮರುಳಾಗುವುದು ನಮಗೊಬ್ಬರಿಗೇ ಅಂಟಿದ ರೋಗವಲ್ಲವೆಂದಾಯಿತು.

ಅದೇ ಜನ ಇನ್ನೊಂದು ರೀತಿಯಲ್ಲಿಯೂ ನಡೆದುಕೊಂಡುದುಂಟು. 2012ರ ಮಾರ್ಚಿಯಲ್ಲಿ ಟ್ವಿಟರ್ ಅರಬ್ಬಿ, ಪಾರಸಿ, ಹೀಬ್ರೂ, ಉರ್ದು ಈ ನಾಲ್ಕು ಭಾಷೆಗಳಿಗೆ ಹೊರಳಿಕೊಂಡಾಗ ಆ ಅನುವಾದದ ಹಿಂದೆ 13 ಸಾವಿರ ಸ್ವಯಂಸೇವಕರ ಕೈ ಇತ್ತು. ಒಬ್ಬೊಬ್ಬರೂ ಮಾಡಿದ್ದು ಕೆಲವೇ ಸಾಲು. ಯಾವ ಗುಂಡಿಗೆ ಯಾವ ಪದ ಎಂಬಷ್ಟು ಚಿಕ್ಕ ಕೆಲಸ. ‘ಭಾಷೆಯನ್ನು ಉಳಿಸಿ’ ಎಂದು ಕರೆದರೆ ಚಪ್ಪಾಳೆ ಬರುತ್ತದೆ. ‘ಈ ಹತ್ತು ಸಾಲನ್ನು ನೀವು ನೋಡಿಕೊಳ್ಳಿ’ ಎಂದು ಕೇಳಿದರೆ ಆಳು ಬರುತ್ತದೆ.

ಅರಬ್ಬರಿಗೂ ನಮಗೂ ಒಂದೇ ಕಾಲದಲ್ಲಿ ಒದಗಿದ ಪರೀಕ್ಷೆಯೊಂದನ್ನು ಇಲ್ಲಿ ನೆನೆಯಬೇಕು. 2008ರಿಂದ ಮೊದಲುಗೊಂಡು ಗೂಗಲ್ ಸಂಸ್ಥೆ ತನ್ನ ಅನುವಾದ ಸಾಧನದ ನೆರವಿನಿಂದ, ಅನುವಾದಕರನ್ನು ತೊಡಗಿಸಿ, ಇಂಗ್ಲಿಷ್ ವಿಕಿಪೀಡಿಯದ 1 ಕೋಟಿ 60 ಲಕ್ಷಕ್ಕೂ ಮಿಕ್ಕ ಪದಗಳನ್ನು ಅರಬ್ಬಿ, ಸ್ವಾಹಿಲಿ, ಹಿಂದಿ, ಗುಜರಾತಿ, ತಮಿಳು, ತೆಲುಗು ಮತ್ತು ಕನ್ನಡಕ್ಕೆ ತರಿಸಿತು. ಉದ್ದೇಶ ಒಳ್ಳೆಯದೇ. ಆದರೆ ಯಾವುದನ್ನು ಅನುವಾದಿಸಬೇಕೆಂದು ಆಯಾ ಭಾಷೆಯಲ್ಲಿ ದುಡಿಯುತ್ತಿದ್ದವರನ್ನು ಮೊದಲು ಕೇಳಲಿಲ್ಲ. ಪರಿಣಾಮವಾಗಿ, ನಮ್ಮ ಕೆರೆಕಟ್ಟೆಗಳಿಗೆ ಪುಟವಿಲ್ಲದ ಕಾಲದಲ್ಲಿ ಅಮೆರಿಕದ ನಟನಟಿಯರ ಜೀವನಚರಿತ್ರೆ ಮೂವತ್ತು ಪುಟ ಬಂದಿತು. ವಾಕ್ಯಗಳೋ, ಕರ್ತೃವನ್ನು ಹುಡುಕಿಕೊಂಡು ಕ್ರಿಯಾಪದ ಊರೆಲ್ಲ ಅಲೆಯುವಂಥವು. ತಮಿಳರು ದೋಷಗಳನ್ನು ಪಟ್ಟಿಮಾಡಿ ಸಂಸ್ಥೆಯೊಡನೆ ಮಾತುಕತೆಗೆ ಕುಳಿತರು. ಬಂಗಾಳಿಗಳು ಇಂಥ ಕೊಡುಗೆ ಬೇಡವೆಂದರು. ಕನ್ನಡದಲ್ಲಿ ಆ ಲೇಖನಗಳು ಬಹುಕಾಲ ಹಾಗೆಯೇ ಬಿದ್ದಿದ್ದವು. ಮಾತುಕತೆಗೆ ಕುಳ್ಳಿರಿಸಲು, ಬೇಡವೆನ್ನಲು, ತಿದ್ದಲು—ಎಲ್ಲಕ್ಕೂ ಒಂದು ಗುಂಪು ಬೇಕಷ್ಟೆ? ಒಂದೇ ಸಾಧನ, ಒಂದೇ ಕಾಲ. ಫಲ ಮಾತ್ರ ಬೇರೆ ಬೇರೆ. ಕೂಡಿ ದುಡಿಯುವ ಅಭ್ಯಾಸವಿದ್ದಲ್ಲಿ ಒಂದು ಬಗೆ, ಇಲ್ಲದಲ್ಲಿ ಇನ್ನೊಂದು ಬಗೆ. ತಂತ್ರಜ್ಞಾನ ಸಮಾಜವನ್ನು ಬದಲಿಸುತ್ತದೆಂದು ನಾವು ದಿನವೂ ಕೇಳುತ್ತೇವೆ. ಸಮಾಜ ತನ್ನ ಹಳೆಯ ಅಭ್ಯಾಸಗಳನ್ನೇ ಹೊಸ ಯಂತ್ರಕ್ಕೆ ತೊಡಿಸುತ್ತದೆಂಬುದು ನಾನು ಕಂಡ ಸತ್ಯ.

ಹಾಗಾದರೆ ನಮ್ಮ ಅಭ್ಯಾಸ ಯಾವುದು? ಕನ್ನಡಿಗರಲ್ಲಿ ಏಕಾಂಗಿ ಸಾಹಸಕ್ಕೆ ಎಂದೂ ಕೊರತೆಯಿಲ್ಲ. ಮಕ್ಕಳಿಗಾಗಿ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ಶಿವರಾಮ ಕಾರಂತರು ಒಬ್ಬರೇ ಬರೆದರು. ಗಣಕದ ವಿಷಯದಲ್ಲಿಯೂ ಹಾಗೆಯೇ. ಅದರಲ್ಲಿಯೂ ಹೊರನಾಡಿನವರ ಪಾಲು ದೊಡ್ಡದೆಂದು ನಮ್ಮ ಓದುಗರು ಹೆಮ್ಮೆಪಡಬಹುದು. ಕನ್ನಡದ ಕೀಲಿಮಣೆಯನ್ನು ರೂಪಿಸಿದ ಕೆ. ಪಿ. ರಾವ್ ಮುಂಬಯಿಯಲ್ಲಿ ದುಡಿದವರು. ‘ವಿಶ್ವಕನ್ನಡ’ವೆಂಬ ಕನ್ನಡದ ಮೊದಲ ಜಾಲಪತ್ರಿಕೆಯನ್ನು 1996ರಲ್ಲಿ ತೆರೆದ ಯು. ಬಿ. ಪವನಜ ಮುಂಬಯಿಯ ಭಾಭಾ ಅಣು ಸಂಶೋಧನ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದವರು. 1998ರಲ್ಲಿ ‘ಬರಹ’ ತಂತ್ರಾಂಶವನ್ನು ನೀಡಿದವರು ಶೇಷಾದ್ರಿವಾಸು. ನಲವತ್ತು ವರ್ಷಕ್ಕೂ ಮಿಕ್ಕ ಕಾಲ ವಿ. ಕೃಷ್ಣ ಅವರು ಒಬ್ಬರೇ ಕೂಡಿಟ್ಟ ಕನ್ನಡ-ಇಂಗ್ಲಿಷ್ ನಿಘಂಟು 2019ರಲ್ಲಿ ‘ಅಲರ್’ ಎಂಬ ಹೆಸರಿನಲ್ಲಿ ಎಲ್ಲರಿಗೂ ಮುಕ್ತವಾಯಿತು; ಅದರಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ನಮೂದುಗಳಿವೆ. ಒಬ್ಬೊಬ್ಬರ ಹೆಸರಿಗೂ ಕೈಮುಗಿಯಬೇಕು.

ಕೈಮುಗಿದು ಸುಮ್ಮನಾಗುವುದೇ ನಮ್ಮ ದೋಷ. ಕನ್ನಡ ವಿಕಿಪೀಡಿಯ ಹುಟ್ಟಿದ್ದು 2003ರ ಜೂನ್‌ನಲ್ಲಿ, ಅರಬ್ಬಿಗಿಂತ ಒಂದು ತಿಂಗಳು ಮೊದಲು! ಇಂದು ಅದರಲ್ಲಿರುವುದು ಮೂವತ್ತು ಸಾವಿರವನ್ನು ದಾಟಿದ ಲೇಖನಗಳು. 2011ರ ಜನಗಣತಿಯಂತೆ ಕನ್ನಡವನ್ನು ಮಾತೃಭಾಷೆಯೆಂದವರು 4 ಕೋಟಿ 37 ಲಕ್ಷ. ಎಣಿಕೆಯನ್ನು ನಂಬಬಾರದೆಂದು ಈಗಷ್ಟೇ ಹೇಳಿದವನು ಎಣಿಕೆಯನ್ನೇ ಮುಂದಿಡುತ್ತಿದ್ದೇನೆಂದು ಓದುಗರು ನಗಬಹುದು. ಆದರೂ ಇಷ್ಟು ಕೋಟಿ ಜನರಲ್ಲಿ ವಾರಕ್ಕೊಂದು ಗಂಟೆ ಕೊಡುವವರು ಸಾವಿರ ಮಂದಿ ಇದ್ದಿದ್ದರೆ ಚಿತ್ರ ಹೀಗಿರುತ್ತಿರಲಿಲ್ಲವೆಂಬುದು ಸ್ಪಷ್ಟ. ನಾವು ಹೊರನಾಡ ಸಂಘಗಳವರು ಅಂತರಜಾಲಕ್ಕೆ ಕೊಂಡೊಯ್ದದ್ದು ನಮ್ಮ ಸಭಾಮಂಟಪವನ್ನು. ಶುಭಾಶಯ, ಹಾರ, ಅಭಿನಂದನೆ, ಮುಖ್ಯ ಅತಿಥಿಗಳ ಭಾವಚಿತ್ರ. ನಮ್ಮ ಬಳಗದಲ್ಲಿ ಬೆಳಗಿನ ಸುಪ್ರಭಾತದಿಂದ ರಾತ್ರಿಯ ಶುಭರಾತ್ರಿಯವರೆಗೆ ಬರುವ ಸಂದೇಶಗಳಲ್ಲಿ ಒಬ್ಬರು ಇನ್ನೊಬ್ಬರಿಂದ ಏನಾದರೂ ಕೆಲಸ ಕೇಳಿದ್ದು ಎಷ್ಟು ಬಾರಿ?

2021ರ ಏಪ್ರಿಲ್ ಕೊನೆಯ ವಾರವನ್ನು ದಿಲ್ಲಿಯ ಸುತ್ತಮುತ್ತ ಇದ್ದವರಾರೂ ಮರೆಯಲಾರರು. ಆಮ್ಲಜನಕವಿಲ್ಲ, ಹಾಸಿಗೆಯಿಲ್ಲ, ಫೋನು ಎತ್ತುವವರಿಲ್ಲ. ಕನ್ನಡ ಲಿಪಿಯಲ್ಲಿ ನಿಯಮಬದ್ಧವಾಗಿ ನಡೆಯುತ್ತಿದ್ದ ನಮ್ಮ ಬಳಗದಲ್ಲಿ ಆ ದಿನಗಳಲ್ಲಿ ಬಂದದ್ದು ಪ್ರಾರ್ಥನೆ, ಕಷಾಯದ ವಿಧಾನ, ಮತ್ತು ಯಾರೋ ಎಲ್ಲಿಂದಲೋ ದಾಟಿಸಿದ ದೂರವಾಣಿ ಸಂಖ್ಯೆಗಳು. ಆ ಸಂಖ್ಯೆಗಳಲ್ಲಿ ಹೆಚ್ಚಿನವು ಸತ್ತಿದ್ದವು. ಒಂದು ರಾತ್ರಿ ನನ್ನ ಹೆಂಡತಿಯ ರಕ್ತದಲ್ಲಿ ಆಮ್ಲಜನಕದ ಪ್ರಮಾಣ 86ಕ್ಕೆ ಇಳಿಯಿತು. ಇಪ್ಪತ್ತೆರಡು ಸಂಖ್ಯೆಗಳಿಗೆ ಕರೆಮಾಡಿ ಕುಳಿತಿದ್ದೆ. ಒಂದೂವರೆ ಗಂಟೆಗೆ ಫೋನು ಬಂದಿತು. “ಅಂಕಲ್, ಆಂಟಿಗೆ ಈಗ ಎಷ್ಟಿದೆ?” ಎಂದು ಕೇಳಿದ ದನಿ ಆ ಹುಡುಗಿಯದು—ರೋಮನ್ ಲಿಪಿಯಲ್ಲಿ ಬರೆದು ನನ್ನಿಂದ ಬೈಸಿಕೊಂಡವಳದು.

ಬಳಗವನ್ನು ಬಿಟ್ಟುಹೋದ ಹನ್ನೊಂದು ಮಂದಿ, ಅವರ ಸ್ನೇಹಿತರು, ಜೊತೆಗೆ ಇಬ್ಬರು ಮಲಯಾಳಿಗಳು ಮತ್ತು ಒಬ್ಬ ಬಿಹಾರದ ಹುಡುಗ ಸೇರಿ, ಎಲ್ಲರೂ ಏಕಕಾಲಕ್ಕೆ ತಿದ್ದಬಹುದಾದ ಗೂಗಲ್ ಶೀಟ್ ಒಂದನ್ನು ಮಾಡಿಕೊಂಡಿದ್ದರು. ಅದನ್ನು ನಾನು ನಂತರ ನೋಡಿದೆ. ಆಸ್ಪತ್ರೆ, ಸಂಖ್ಯೆ, ಹಾಸಿಗೆ, ಸಿಲಿಂಡರು ಎಂದೆಲ್ಲ ಅಂಕಣಗಳು. ಕೊನೆಯ ಎರಡು ಅಂಕಣಗಳೇ ಅದರ ಜೀವ: ಕೊನೆಯ ಬಾರಿ ಕರೆಮಾಡಿ ಖಚಿತಪಡಿಸಿದವರು ಯಾರು, ಎಷ್ಟು ಗಂಟೆಗೆ. ನಾಲ್ಕು ಗಂಟೆ ಹಳೆಯದಾದ ಸಾಲನ್ನು ಯಾರಾದರೊಬ್ಬರು ಮತ್ತೆ ಕರೆಮಾಡಿ ಹೊಸದಾಗಿಸುವರು, ಇಲ್ಲವೆ ಅಳಿಸಿಹಾಕುವರು. ಬರೆದದ್ದು ಹಿಂದಿ, ಇಂಗ್ಲಿಷ್, ಮತ್ತು ರೋಮನ್ ಅಕ್ಷರದ ಕನ್ನಡ. ‘ಇಲ್ಲ’, ‘ನಾಳೆ ಕೇಳಿ’, ‘ಮಗ ಬಂದು ತಗೊಂಡ್ರು’. ಆ ಪಟ್ಟಿಯ ಒಂದು ಸಾಲಿನಿಂದ ನಮಗೆ ಸಿಲಿಂಡರು ಸಿಕ್ಕಿತು. ನನ್ನಾಕೆ ಉಳಿದಳು. ಪಟ್ಟಿಯಲ್ಲಿ ಹೆಸರಿದ್ದ ಎಲ್ಲರೂ ಉಳಿಯಲಿಲ್ಲ.

ಆ ವರ್ಷದ ರಾಜ್ಯೋತ್ಸವವನ್ನು ತಡವಾಗಿ, ಚಿಕ್ಕದಾಗಿ ಆಚರಿಸಿದೆವು. ದೊಡ್ಡ ಮೊತ್ತದ ದೇಣಿಗೆಯಿತ್ತ ಮಹನೀಯರೊಬ್ಬರಿಗೆ ಶಾಲು, ಹಾರ, ಫಲತಾಂಬೂಲ. ಬಿನ್ನವತ್ತಳೆಯನ್ನು ಬರೆದು ಓದಿದವನು ನಾನೇ. ಆ ಹುಡುಗಿ ಸಭಾಂಗಣದ ಹಿಂದೆ ನಿಂತು ಕಾರ್ಯಕ್ರಮವನ್ನು ನೇರಪ್ರಸಾರ ಮಾಡುತ್ತಿದ್ದಳು. ಇದು ನನಗೆ ಹೊಳೆದದ್ದು ಮನೆಗೆ ಬಂದ ಮೇಲೆ, ನನ್ನ ಹೆಂಡತಿ ಹೇಳಿದಾಗ. ಮುಂದಿನ ಸಭೆಯಲ್ಲಿ ನಿಮ್ಮನ್ನೂ ಸನ್ಮಾನಿಸೋಣವೆಂದು ಫೋನು ಮಾಡಿದರೆ ಅವಳೆಂದಳು: “ಶಾಲು ಬೇಡ ಅಂಕಲ್. ಆವತ್ತು ರಾತ್ರಿ ಪಾಳಿಗೆ ಇನ್ನಿಬ್ಬರು ಸಿಕ್ಕಿದ್ದರೆ ಸಾಕಾಗಿತ್ತು.”

ಆ ಮಾತು ಕೇಳಿದಂದಿನಿಂದ ನನ್ನ ಮನಸ್ಸಿನಲ್ಲಿ ಸುತ್ತುತ್ತಿರುವ ಶಬ್ದ ‘ಮುಯ್ಯಾಳು’. ನಮ್ಮ ಹಳ್ಳಿಯಲ್ಲಿ ನಾಟಿಯ ಕಾಲಕ್ಕೆ ಇಂದು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಕೂಲಿಯ ಲೆಕ್ಕವಿಲ್ಲ, ಆದರೆ ಆಳಿನ ಲೆಕ್ಕ ಕರಾರುವಾಕ್ಕು. ಪೇಟೆಗೆ ಬಂದ ನಮ್ಮಲ್ಲಿ ಮುಯ್ಯಿ ಎಂಬುದಕ್ಕೆ ಎರಡೇ ಅರ್ಥ ಉಳಿದಿವೆ: ಮದುವೆಯಲ್ಲಿ ಓದಿಸುವ ಉಡುಗೊರೆ, ಮತ್ತು ಹಗೆ ತೀರಿಸಿಕೊಳ್ಳುವುದು. ಗದ್ದೆಯ ಅರ್ಥ ಊರಿನಲ್ಲಿಯೇ ಉಳಿಯಿತು. ಅಥವಾ ಅಲ್ಲಿಯೂ ಉಳಿಯಲಿಲ್ಲವೇನೋ. ಅಂತರಜಾಲದಲ್ಲಿ ಲೋಕ ಮೆಚ್ಚುವ ಕೆಲಸಗಳೆಲ್ಲ ಮುಯ್ಯಾಳಿನವು. ಅದನ್ನು ನಾವು ಹೊಸದಾಗಿ ಯಾರಿಂದಲೂ ಕಲಿಯಬೇಕಾಗಿಲ್ಲ, ಅರಬ್ಬರಿಂದಲೂ.

ಅರಬ್ಬರೂ ಹಾಗೆಯೇ. ಒಂಬತ್ತನೆಯ ಶತಮಾನದ ಬಾಗ್ದಾದಿನಲ್ಲಿ ಹುನೈನ್ ಇಬ್ನ್ ಇಸ್‌ಹಾಕ್ ಎಂಬ ವಿದ್ವಾಂಸ ಗ್ರೀಕ್ ವೈದ್ಯಗ್ರಂಥಗಳನ್ನು ಸಿರಿಯಾಕ್‌ಗೂ ಅರಬ್ಬಿಗೂ ತಂದದ್ದು ಒಬ್ಬನೇ ಕುಳಿತಲ್ಲ. ಹಲವು ಹಸ್ತಪ್ರತಿಗಳನ್ನು ತಾಳೆನೋಡಿ, ಮಗ ಮತ್ತು ಸೋದರಳಿಯನನ್ನು ಜೊತೆಗಿರಿಸಿಕೊಂಡು, ಒಬ್ಬರು ಒಂದು ಭಾಷೆಗೆ ತಂದುದನ್ನು ಇನ್ನೊಬ್ಬರು ಮತ್ತೊಂದಕ್ಕೆ ತರುತ್ತ ನಡೆಸಿದ ಕೆಲಸ. ಅದೇ ಶತಮಾನದಲ್ಲಿ ನಮ್ಮ ಕವಿರಾಜಮಾರ್ಗ ರಚಿತವಾಯಿತು. ಅದು ನೃಪತುಂಗನದೋ ಶ್ರೀವಿಜಯನದೋ ಎಂದು ವಿದ್ವಾಂಸರು ಬಹುಕಾಲ ವಾದಿಸಿದರು. ಅರಸನ ಅನುಮತವೂ ಕವಿಯ ಕೈಯೂ ಕೂಡಿದ ಕೃತಿಯೆಂದರೆ ವಾದಕ್ಕೆಲ್ಲಿಯ ಎಡೆ? ಕನ್ನಡ ಒಂದೇ ಬಗೆಯದಲ್ಲ, ಹಲವು ಕನ್ನಡಗಳಿವೆಯೆಂದು ಆ ಗ್ರಂಥವೇ ಒಪ್ಪಿಕೊಂಡಿದೆ. 851ರ ಅರಬ್ಬಿ ವೃತ್ತಾಂತವೊಂದರಲ್ಲಿ ರಾಷ್ಟ್ರಕೂಟರ ಅರಸನನ್ನು ‘ಬಲ್ಹರ’ನೆಂದು ಕರೆದು ಲೋಕದ ನಾಲ್ವರು ಮಹಾರಾಜರಲ್ಲಿ ಒಬ್ಬನೆಂದು ಎಣಿಸಿದೆ. ನಮ್ಮ ಗತಿಸಿದ ವೈಭವವನ್ನು ಸಾರಲು ಇದನ್ನು ಹೇಳುತ್ತಿಲ್ಲ. ಆ ಕೆಲಸಕ್ಕೆ ನವೆಂಬರಿನಲ್ಲಿ ಭಾಷಣಕಾರರು ಬೇಕಾದಷ್ಟು ಮಂದಿ ಸಿಗುತ್ತಾರೆ. ಕೂಡಿ ಮಾಡುವ ಬಗೆ ಎರಡೂ ಕಡೆ ಹಳೆಯದೆಂದಷ್ಟೇ ನನ್ನ ಮಾತು.

ಹಾಗೆಂದು ಲಿಪಿ ಬೇಡವೆನ್ನುವವನು ನಾನಲ್ಲ. ರೋಮನ್ ಬರಹದಲ್ಲಿ ಲಕಾರ ಳಕಾರಗಳು, ನಕಾರ ಣಕಾರಗಳು ಒಂದಾಗಿಬಿಡುತ್ತವೆ. ಒಂದೇ ಪದವನ್ನು ಐವರು ಐದು ಬಗೆಯಲ್ಲಿ ಬರೆಯುತ್ತಾರೆ. ಹಾಗೆ ಬರೆದದ್ದನ್ನು ಹತ್ತು ವರ್ಷದ ಮೇಲೆ ಹುಡುಕಿದರೆ ದೊರೆಯದು. 1991ರಲ್ಲಿ, ನಮ್ಮ ಈ ಊರು ಹುಟ್ಟಿದ ವರ್ಷವೇ, ಯುನಿಕೋಡಿನ ಮೊದಲ ಆವೃತ್ತಿಯಲ್ಲಿ ಕನ್ನಡಕ್ಕೆ ಸ್ಥಾನ ದೊರೆಯಿತು. ಆ ಸ್ಥಾನದಲ್ಲಿ ಕೂರಿಸಿದ ಬರಹವೇ ಮುಂದಿನವರಿಗೆ ಉಳಿಯುವ ಬರಹ. ಆದರೆ ಕೆ. ಪಿ. ರಾವ್ ಅವರ ಕೀಲಿಮಣೆಯನ್ನೊಮ್ಮೆ ನೋಡಿ. ಇಂಗ್ಲಿಷಿನ ‘ಕೆ’ ಕೀಲಿ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ‘ಎಲ್’ ಒತ್ತಿದರೆ ಲ, ಶಿಫ್ಟ್ ಹಿಡಿದರೆ ಳ. ರೋಮನ್‌ನಲ್ಲಿ ಕನ್ನಡ ಬರೆಯಬಲ್ಲ ಹುಡುಗಿ ಆಗಲೇ ಅರ್ಧ ದಾರಿ ಬಂದಿದ್ದಾಳೆ. ಉಳಿದರ್ಧಕ್ಕೆ ಒಂದು ಮಧ್ಯಾಹ್ನ ಸಾಕು. ನಾನು ಆ ಮಧ್ಯಾಹ್ನವನ್ನು ಕೊಡುವ ಬದಲು ನಿಯಮವನ್ನು ಕೊಟ್ಟೆ.

ಈಗ ನಮ್ಮ ಮುಂದಿರುವ ಕೆಲಸ ಚಿಕ್ಕದು. ಸಂಘದ ಕಪಾಟಿನಲ್ಲಿ ಹಳೆಯ ಸಂಚಿಕೆಗಳೂ ಸ್ಮರಣಸಂಚಿಕೆಗಳೂ ಇವೆ. ತೊಂಬತ್ತರ ದಶಕದವು ಕಾಗದದಲ್ಲಷ್ಟೇ ಉಳಿದಿವೆ. ಅನಂತರದ ಕೆಲವು ಗಣಕದಲ್ಲಿದ್ದರೂ ಅಂದಿನ ಅಕ್ಷರವಿನ್ಯಾಸ ಇಂದಿನ ಯಂತ್ರಕ್ಕೆ ತಿಳಿಯದೆ, ತೆರೆದರೆ ಇಂಗ್ಲಿಷ್ ಅಕ್ಷರಗಳ ಕಸದ ರಾಶಿ ಕಾಣುತ್ತದೆ. ಅದನ್ನು ಪರಿವರ್ತಿಸುವ ಸಾಧನಗಳಿವೆ, ಆದರೆ ಹೊರಬಂದುದನ್ನು ಅಕ್ಷರಕ್ಷರವಾಗಿ ತಿದ್ದಬೇಕು. ಉಡುಪಿಯಿಂದ ಬಂದು ಇಲ್ಲಿ ಹೋಟೆಲು ತೆರೆದವರು, ಸಚಿವಾಲಯದ ಗುಮಾಸ್ತೆಗಳು, ಮಕ್ಕಳಿಗೆ ಮನೆಯಲ್ಲಿ ಕನ್ನಡ ಕಲಿಸಿದ ತಾಯಂದಿರು ಬರೆದದ್ದು ಅಲ್ಲಿದೆ, ಬೇರೆಲ್ಲಿಯೂ ಇಲ್ಲ. 2014ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶವನ್ನೇ ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟಿತು. ನಮ್ಮ ಲೇಖಕರ ಮನೆಯವರಿಗೆ ಅನುಮತಿ ಕೋರಿ ಒಂದೊಂದು ಪತ್ರ ಬರೆಯುವುದು ನಮಗೇನು ಭಾರ? ನಮ್ಮ ಹಿರಿಯರು ಓದಬಲ್ಲರು, ಕೀಲಿ ಒತ್ತಲಾರರು. ಕಿರಿಯರು ಒತ್ತಬಲ್ಲರು, ಓದಲಾರರು. ಒಬ್ಬೊಬ್ಬ ಹಿರಿಯರ ಪಕ್ಕದಲ್ಲಿ ಒಬ್ಬೊಬ್ಬ ಕಿರಿಯರು, ದಿನಕ್ಕೆ ಎರಡೇ ಪುಟ.

ನಮ್ಮ ಬೀಟಾ ಬಡಾವಣೆಯ ಮನೆಯಲ್ಲಿ ಕಳೆದ ತಿಂಗಳು ಆರಂಭಿಸಿದೆವು. ಮೊದಲ ಭಾನುವಾರ ಬಂದವರು ಏಳು ಮಂದಿ, ಅವರಲ್ಲಿ ಕಿರಿಯರು ಮೂವರು. ಎದುರಿಗಿದ್ದುದು 1993ರ ಸ್ಮರಣಸಂಚಿಕೆಯ ಸದಸ್ಯರ ಪಟ್ಟಿ. ಆ ಹುಡುಗಿ ನನ್ನ ಪಕ್ಕದಲ್ಲಿ ಕುಳಿತು ಅಕ್ಷರ ಕೂಡಿಸಿ ಓದುತ್ತ ಬಂದವಳು ಒಂದು ಹೆಸರಿನಲ್ಲಿ ನಿಂತಳು. ಅದು ಅವಳ ಅಜ್ಜನದು. ಆ ಹೆಸರನ್ನು ಕನ್ನಡದಲ್ಲಿ ಅವಳು ಎಂದೂ ಕಂಡಿರಲಿಲ್ಲ. ಅದರಲ್ಲಿರುವುದು ಳಕಾರವೆಂದು ಅವಳಿಗೆ ಅಂದೇ ತಿಳಿಯಿತು. ಶಿಫ್ಟ್ ಹಿಡಿದು ಒತ್ತಿದಳು. ಪಟ್ಟಿಯಲ್ಲಿ ಇನ್ನೂ ನೂರನಲವತ್ತು ಹೆಸರುಗಳಿದ್ದವು. ಐದು ಗಂಟೆಗೆ ಕಾಫಿಯ ಹೊತ್ತಿಗೆ ಮೂವತ್ತೆರಡಾಗಿತ್ತು. ಈಗ ಪ್ರತಿ ಭಾನುವಾರ ಮಧ್ಯಾಹ್ನ ಮೂರಕ್ಕೆ ಸೇರುತ್ತೇವೆ. ಕನ್ನಡಕವನ್ನು ಮರೆಯದೆ ತನ್ನಿ.